‘ಕೋಲ್’ ಆಲ್ಬಮ್ ನಾನು ಕಲಿತ ಬಗೆ

ಅಮೆರಿಕದ ಗಾಯಕಿ ಕ್ಯಾಥಿ ಮಟೇಯಾ ಅವರ ‘ಕೋಲ್’ (ಕಲ್ಲಿದ್ದಲು) ಆಲ್ಬಮ್‌ನ ಹಾಡುಗಳನ್ನು ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ, ಕೊನೆಯ ಹಾಡಿನಿಂದ ಮಾಡಿ ಅನ್ನುತ್ತೇನೆ. ಅದರಲ್ಲಿ ಗಿಟಾರೇ ಇಲ್ಲ. ಬರೀ ದನಿ. ಗಿಟಾರ್ ಹಿಡಿದು ಹಾಡೋಕೆ ಬಂದವರಿಗೆ ಇದು ವಿಚಿತ್ರ ಸಲಹೆ ಅನ್ನಿಸಬಹುದು. ಆದರೆ ನಾನು ಕಲಿತದ್ದು ಹಾಗೆಯೇ, ಮತ್ತು ಇವತ್ತಿಗೂ ಅದೇ ಸರಿಯಾದ ದಾರಿ ಅಂತ ನನ್ನ ನಂಬಿಕೆ.

ನಾನು ತುಮಕೂರು ಕಡೆಯವನು. ಚಿಕ್ಕಂದಿನಲ್ಲಿ ಸುಗಮ ಸಂಗೀತ ಕಲಿತವನು. ಗಿಟಾರ್ ಮಾತ್ರ ನಾನೇ ತಡಕಾಡಿ ಕಲಿತದ್ದು. ಈಗ ಇರೋದು ಪಿಟ್ಸ್‌ಬರ್ಗ್‌ನಲ್ಲಿ. ಈ ಊರೇ ಕಲ್ಲಿದ್ದಲಿನ ಮೇಲೆ ಕೂತಿದೆ. ಪ್ರವಾಸಿಗರೆಲ್ಲ ಹತ್ತಿ ಫೋಟೊ ತೆಗೆಸಿಕೊಳ್ಳುವ ಮೌಂಟ್ ವಾಷಿಂಗ್ಟನ್‌ಗೆ ಹಿಂದೆ ಕೋಲ್ ಹಿಲ್ ಅಂತಲೇ ಹೆಸರಿತ್ತು. ಇಲ್ಲಿಂದ 79ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ವೆಸ್ಟ್ ವರ್ಜೀನಿಯಾ. ಇನ್ನೂ ಸ್ವಲ್ಪ ಮುಂದೆ ಮೊನೊಂಗಾ, ಫಾರ್ಮಿಂಗ್‌ಟನ್ ಎಂಬ ಪುಟ್ಟ ಊರುಗಳು. 1907ರ ಡಿಸೆಂಬರ್‌ನಲ್ಲಿ ಮೊನೊಂಗಾ ಗಣಿ ಸಿಡಿದು 362 ಜನ ಸತ್ತರು, ಸರ್ಕಾರಿ ಲೆಕ್ಕದ ಪ್ರಕಾರ. ಅಮೆರಿಕದ ಗಣಿ ದುರಂತಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಫಾರ್ಮಿಂಗ್‌ಟನ್‌ನಲ್ಲಿ 1968ರ ನವೆಂಬರ್ 20ರಂದು 78 ಜನ.

ಈ ಎರಡನೇ ದುರಂತ ಆದಾಗ ಕ್ಯಾಥಿ ಮಟೇಯಾಗೆ ಒಂಬತ್ತು ವರ್ಷ. ವೆಸ್ಟ್ ವರ್ಜೀನಿಯಾದ ಹುಡುಗಿ. ಅಪ್ಪನ ಅಪ್ಪ, ಅಮ್ಮನ ಅಪ್ಪ ಇಬ್ಬರೂ ಗಣಿ ಕೆಲಸದವರು. ಅಮ್ಮ ಗಣಿ ಕಾರ್ಮಿಕರ ಸಂಘದಲ್ಲಿ ಕೆಲಸ ಮಾಡಿದವರು. ಮುಂದೆ ಮಟೇಯಾ ನ್ಯಾಶ್‌ವಿಲ್‌ಗೆ ಹೋಗಿ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ) ಸಂಗೀತದ ದೊಡ್ಡ ಹೆಸರಾದರು. 1988ರಲ್ಲಿ ಅವರ ಲಾರಿ ಡ್ರೈವರ್ ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಆದರೆ ಗಣಿಯ ಹಾಡುಗಳ ಕಡೆ ಅವರು ತಿರುಗಿದ್ದು ಬಹಳ ತಡವಾಗಿ. 2006ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯಾದ ಸೇಗೊ ಗಣಿಯಲ್ಲಿ ಸ್ಫೋಟವಾಗಿ 13 ಜನ ಒಳಗೆ ಸಿಕ್ಕಿಕೊಂಡರು. ಒಬ್ಬರನ್ನು ಬಿಟ್ಟು ಯಾರೂ ಬದುಕಿಲ್ಲ ಅನ್ನೋದು ಕೊನೆಗೆ ತಿಳಿದ ಸುದ್ದಿ. ಆದರೆ ಅದಕ್ಕೆ ಮೊದಲು 12 ಜನ ಬದುಕಿದ್ದಾರೆ ಅಂತ ತಪ್ಪು ಸುದ್ದಿ ಹಬ್ಬಿ, ಚರ್ಚಿನಲ್ಲಿ ಕಾಯುತ್ತಿದ್ದ ಮನೆಯವರು ಗಂಟೆಗಟ್ಟಲೆ ಸಂಭ್ರಮಪಟ್ಟಿದ್ದರು. ಆ ದುರಂತವೇ ಮಟೇಯಾ ಅವರನ್ನು ಈ ಆಲ್ಬಮ್‌ಗೆ ದೂಡಿತು.

‘ಕೋಲ್’ ಬಂದದ್ದು 2008ರ ಏಪ್ರಿಲ್‌ನಲ್ಲಿ. ನಿರ್ಮಾಪಕ ಮಾರ್ಟಿ ಸ್ಟುವರ್ಟ್, ಹದಿಮೂರನೇ ವಯಸ್ಸಿಗೇ ಲೆಸ್ಟರ್ ಫ್ಲ್ಯಾಟ್ ಅವರ ಬ್ಲೂಗ್ರಾಸ್ (ಬ್ಯಾಂಜೊ, ಫಿಡಲ್‌ಗಳ ವೇಗದ ಕಂಟ್ರಿ ಶೈಲಿ) ತಂಡ ಸೇರಿ ಮ್ಯಾಂಡೊಲಿನ್ ನುಡಿಸಿದ ಆಸಾಮಿ. ಒಟ್ಟು 11 ಟ್ರ್ಯಾಕ್. ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನವೂ ಆಯಿತು, ಸಾಂಪ್ರದಾಯಿಕ ಜನಪದ ವಿಭಾಗದಲ್ಲಿ. ಒಂದೂ ಹಾಡು ಮಟೇಯಾ ಬರೆದದ್ದಲ್ಲ. ಬಹುಪಾಲು ಗಣಿ ಸೀಮೆಯಲ್ಲಿ ಹುಟ್ಟಿ ಬೆಳೆದವರು, ಆ ಸೀಮೆಯ ಹೋರಾಟಗಳಲ್ಲಿ ಕೆಲಸ ಮಾಡಿದವರು ಬರೆದಿಟ್ಟ ಹಾಡುಗಳನ್ನು ಆರಿಸಿ ಜೋಡಿಸಿದ್ದಾರೆ. ನನ್ನಂಥ ಹೊರಗಿನವನಿಗೆ ಇದರಿಂದ ಸ್ವಲ್ಪ ಧೈರ್ಯ ಬಂತು. ಇಷ್ಟು ದೊಡ್ಡ ಗಾಯಕಿಯೇ ಬೇರೆಯವರ ಹಾಡು ಕಲಿತು ಹಾಡಿದ್ದಾರೆ ಅಂದಮೇಲೆ ನಾನೂ ಕಲಿಯಬಹುದು ಅಲ್ವಾ?

ಸರಿ, ಕೊನೆಯ ಹಾಡಿಗೆ ಬರ್ತೀನಿ. ‘ಬ್ಲ್ಯಾಕ್ ಲಂಗ್’, ಅಂದರೆ ಕಪ್ಪು ಶ್ವಾಸಕೋಶ, ಗಣಿಯವರ ಕಾಯಿಲೆಯ ಹೆಸರು. ಬರೆದವರು ಹೇಜಲ್ ಡಿಕನ್ಸ್. ವೆಸ್ಟ್ ವರ್ಜೀನಿಯಾದ ಮರ್ಸರ್ ಕೌಂಟಿಯ ಬಡ, ದೊಡ್ಡ ಸಂಸಾರ. ಕೆಲಸ ಹುಡುಕಿಕೊಂಡು ಬಾಲ್ಟಿಮೋರ್‌ಗೆ ಹೋಗಿ ಫ್ಯಾಕ್ಟರಿ ಸೇರಿದವರು. ಅವರಣ್ಣ ಥರ್ಮನ್ ಗಣಿ ಕೆಲಸದಿಂದ ಶ್ವಾಸಕೋಶ ಕೆಟ್ಟು ಸತ್ತರು. ವರ್ಷಗಟ್ಟಲೆ ಕಲ್ಲಿದ್ದಲ ದೂಳು ಒಳಗೆ ಹೋಗಿ ಕೂತರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಅದು ವಾಪಸ್ ಮೆತ್ತಗಾಗಲ್ಲ. ಔಷಧಿ ಇಲ್ಲ. ಹಾಡು ಆ ಅಣ್ಣನಿಗಾಗಿ.

ನಾನು ಮೊದಲ ಸಲ ಈ ಹಾಡನ್ನು ನಾಲ್ಕು ಜನರ ಎದುರು ಹಾಡಿದ್ದು ವೆಸ್ಟ್ ವರ್ಜೀನಿಯಾದ ಒಂದು ಊರಿನ ಲೈಬ್ರರಿಯ ನೆಲಮಾಳಿಗೆಯಲ್ಲಿ. ಶನಿವಾರ ಮಧ್ಯಾಹ್ನ ಅಲ್ಲಿ ಸುತ್ತಲಿನವರು ಫಿಡಲ್, ಬ್ಯಾಂಜೊ, ಗಿಟಾರ್ ಹಿಡಿದು ಬಂದು ಗುಂಡಗೆ ಕೂತು ನುಡಿಸ್ತಾರೆ. ಟಿಕೆಟ್ ಇಲ್ಲ, ವೇದಿಕೆ ಇಲ್ಲ. ಸರದಿ ಬಂದಾಗ ಒಂದು ಹಾಡು ಹೇಳಬೇಕು, ಅಷ್ಟೇ. ನಾನು ಭಾವಗೀತೆ ಹಾಡುವವರ ಹಾಗೆ ಸಾಲಿನ ಕೊನೆಯ ಸ್ವರ ಹಿಡಿದು ನಿಲ್ಲಿಸಿ, ಒಂದು ಸಣ್ಣ ಮುರ್ಕಿ (ಸ್ವರದ ಚುರುಕು ಸುಳಿ) ಹಾಕಿ, ನಿಧಾನಕ್ಕೆ ಇಳಿಸುತ್ತಿದ್ದೆ. ಚೆನ್ನಾಗೇ ಇತ್ತು ಅಂತ ಇಟ್ಕೊಳ್ಳಿ. ಮುಗಿದ ಮೇಲೆ ಫಿಡಲ್ ನುಡಿಸುವ ಅಜ್ಜಿಯೊಬ್ಬರು ಹತ್ತಿರ ಬಂದು ಹೇಳಿದರು: “ದನಿ ಒಳ್ಳೆಯದಿದೆಯಪ್ಪಾ. ಆದರೆ ನೀನು ಎಳೀತಿರೋ ಜಾಗದಲ್ಲಿ ಆ ಮನುಷ್ಯನಿಗೆ ಉಸಿರೇ ಇರೋದಿಲ್ಲ. ನಮ್ಮಪ್ಪನಿಗೆ ಇರಲಿಲ್ಲ.”

ಮನೆಗೆ ಬಂದು ಹಾಡಿನ ಸಾಲುಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಎಲ್ಲೆಲ್ಲಿ ಉಸಿರು ತಗೊಳ್ಳಬೇಕು ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕಿದೆ. ಮೊದಲು ಎರಡು ಸಾಲಿಗೊಂದು ಉಸಿರು ತಗೊಳ್ತಿದ್ದೆ. ಅದನ್ನು ಸಾಲಿಗೊಂದು ಮಾಡಿದೆ. ಕೆಲವು ಕಡೆ ಸಾಲಿನ ಮಧ್ಯದಲ್ಲೇ. ಸುಗಮ ಸಂಗೀತದ ತರಗತಿಯಲ್ಲಿ ಹೀಗೆ ಉಸಿರು ಒಡೆದರೆ ಬೈಗುಳ ಗ್ಯಾರಂಟಿ. ಇಲ್ಲಿ ಹಾಗೆ ಒಡೆದಾಗಲೇ ಹಾಡು ಸರಿಯಾಗಿ ಕೂತಿತು. ಕೊನೆಯ ಸ್ವರ ಮುಟ್ಟಿ ಬಿಟ್ಟುಬಿಡೋದು. ಕಂಪನ ಬೇಡ, ಮುರ್ಕಿ ಬೇಡ. ಹೇಜಲ್ ಡಿಕನ್ಸ್ ಹಾಡಿದ್ದನ್ನು ಕೇಳಿದರೆ ಅವರ ದನಿಯಲ್ಲೂ ಅಲಂಕಾರ ಇಲ್ಲವೇ ಇಲ್ಲ ಅಂತಲ್ಲ. ಸ್ವರಕ್ಕೆ ಕೆಳಗಿನಿಂದ ಜಾರಿ ಹತ್ತುತ್ತಾರೆ, ಕೆಲವೊಮ್ಮೆ ದನಿ ಮುರಿಯುತ್ತದೆ. ಆದರೆ ಅದು ಅವರ ಊರಿನ ದನಿ, ಬಾಯಿಗೆ ಬಂದದ್ದು. ನಾನು ಅನುಕರಿಸೋಕೆ ಹೋದರೆ ಮಿಮಿಕ್ರಿ ಆಗುತ್ತೆ. ನನ್ನ ಬಾಯಿಗೆ ಬರುವ ನೇರ ದನಿಯಲ್ಲಿ ಹಾಡಿದರೆ ಸಾಕು. ಉಚ್ಚಾರಣೆಯೂ ಅಷ್ಟೇ. ಅವರು ಎಳೆದು ಮಾತಾಡುವ ಇಂಗ್ಲಿಷ್ ನಾನು ನಟಿಸೋದಿಲ್ಲ.

ಆ ಹಾಡಿನ ಕೊನೆಯಲ್ಲಿ ಒಂದು ಜಾಗ ಇದೆ. ಬದುಕಿದ್ದಾಗ ಬಾಗಿಲು ಹಾಕಿಕೊಂಡ ಗಣಿಯ ಯಜಮಾನ, ಸತ್ತ ಮೇಲೆ ಸ್ಮಶಾನಕ್ಕೆ ಹೂವಿನ ಸಣ್ಣ ಗೊಂಚಲು ಹಿಡಿದು ಬರುತ್ತಾನೆ. ಹೂವು ವಾಪಸ್ ತಗೊಂಡು ಹೋಗು, ದುಃಖದ ಹಾಡು ಬೇಡ ಅನ್ನುತ್ತದೆ ಹಾಡು. ಇಲ್ಲಿ ಯಾರಿಗಾದರೂ ದನಿ ಏರಿಸಬೇಕು, ವ್ಯಂಗ್ಯ ಬೆರೆಸಬೇಕು ಅನ್ನಿಸುತ್ತೆ. ನನಗೂ ಅನ್ನಿಸ್ತು. ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳ್ಳೆಯದು ಅನ್ನೋದು ಹಾಡ್ತಾ ಹಾಡ್ತಾ ಗೊತ್ತಾಯಿತು. ಮಟೇಯಾ ಕೂಡ ಅಲ್ಲಿ ಏನೂ ಮಾಡಲ್ಲ. ಸುಮ್ನೆ ಹೇಳ್ತಾರೆ.

ಇನ್ನೊಂದು ಮಾತು. ಈ ಕಾಯಿಲೆ ಹಳೇ ಕಾಲದ ಕಥೆ ಅಂತ ಬಹಳ ಜನ ತಿಳಿದಿದ್ದಾರೆ. 1969ರಲ್ಲಿ ವೆಸ್ಟ್ ವರ್ಜೀನಿಯಾದ ಸುಮಾರು 40 ಸಾವಿರ ಗಣಿ ಕಾರ್ಮಿಕರು ಇದೇ ಕಾಯಿಲೆಗೆ ಪರಿಹಾರ ಬೇಕು ಅಂತ ಮುಷ್ಕರ ಹೂಡಿದರು. ಆ ವರ್ಷದ ಕೊನೆಗೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂತು. ದೂಳಿಗೆ ಮಿತಿ ಬಂತು, ಕಾಯಿಲೆ ಇಳಿಯಿತು. ಆಮೇಲೆ ಮತ್ತೆ ಏರಿತು. ಮಧ್ಯ ಅಪಲ್ಯಾಚಿಯಾದಲ್ಲಿ (ವೆಸ್ಟ್ ವರ್ಜೀನಿಯಾ, ಕೆಂಟಕಿ ಕಡೆಯ ಬೆಟ್ಟದ ಸೀಮೆ) 25 ವರ್ಷ ಅಥವಾ ಜಾಸ್ತಿ ದುಡಿದ ಗಣಿ ಕಾರ್ಮಿಕರಲ್ಲಿ ಐದರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ ಅಂತ 2018ರಲ್ಲಿ ಸರ್ಕಾರಿ ಸಂಶೋಧಕರೇ ಹೇಳಿದರು. ದಪ್ಪ ಪದರಗಳೆಲ್ಲ ಮುಗಿದು ತೆಳು ಪದರ ಉಳಿದಿದೆ. ಅದನ್ನು ತೆಗೆಯುವಾಗ ಯಂತ್ರ ಸುತ್ತಲಿನ ಕಲ್ಲನ್ನೂ ಕೊರೆಯುತ್ತೆ. ಆ ಕಲ್ಲಿನ ಸಿಲಿಕಾ ದೂಳು ಕಲ್ಲಿದ್ದಲ ದೂಳಿಗಿಂತ ಕೆಟ್ಟದ್ದು. ನಮ್ಮ ಕೋಲಾರದ ಚಿನ್ನದ ಗಣಿಯವರ ಶ್ವಾಸಕೋಶ ತಿಂದದ್ದೂ ಸಿಲಿಕಾವೇ. ಹಾಡು ಹೇಳೋಕೆ ಮುಂಚೆ ಇಷ್ಟು ತಿಳಿದಿರಲಿ ಅಂತ ಹೇಳಿದೆ. ತಿಳಿದಿದ್ದರೆ ದನಿಯಲ್ಲಿ ನಾಟಕ ಬರೋದಿಲ್ಲ.

ಇನ್ನು ಗಿಟಾರ್.

ಆಲ್ಬಮ್‌ನಲ್ಲಿ ಫಿಡಲ್, ಬ್ಯಾಂಜೊ, ಮ್ಯಾಂಡೊಲಿನ್, ಬಾಸ್ ಎಲ್ಲ ಇವೆ. ನನಗಿರೋದು ಒಂದು ಗಿಟಾರ್. ಹಾಗಾಗಿ ಅಲ್ಲಿ ನುಡಿಸಿದ್ದನ್ನು ಹಾಗೇ ಇಳಿಸೋಕೆ ನಾನು ಹೋಗಲೇ ಇಲ್ಲ. ಬಾಸ್‌ನ ಕೆಲಸವನ್ನು ಹೆಬ್ಬೆರಳಿಗೆ ಕೊಟ್ಟೆ. ಅದಕ್ಕೆ ಸರಿಹೊಂದುವ ಶೈಲಿ ಆಗಲೇ ಇತ್ತು, ಅದೂ ಗಣಿಯ ಊರಿನಲ್ಲೇ ಹುಟ್ಟಿದ್ದು. ಇಡೀ ಕಲಿಕೆಯಲ್ಲಿ ನನಗೆ ತುಂಬಾ ಖುಷಿ ಕೊಟ್ಟ ವಿಷಯ ಇದು.

ಪಶ್ಚಿಮ ಕೆಂಟಕಿಯಲ್ಲಿ ಮೂಲೆನ್‌ಬರ್ಗ್ ಕೌಂಟಿ ಅಂತ ಇದೆ. ಕಲ್ಲಿದ್ದಲಿನ ಸೀಮೆ. ಅದರ ಪಕ್ಕದ ಓಹಾಯೊ ಕೌಂಟಿಯಲ್ಲಿ ಆರ್ನಾಲ್ಡ್ ಶುಲ್ಟ್ಜ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕ ಇದ್ದರು. 1931ರಲ್ಲಿ ತೀರಿಕೊಂಡರು, ಒಂದು ರೆಕಾರ್ಡಿಂಗ್ ಕೂಡ ಬಿಟ್ಟು ಹೋಗಲಿಲ್ಲ. ಆದರೆ ಅವರ ಕೈ ನೋಡಿ ಕೆನಡಿ ಜೋನ್ಸ್ ಕಲಿತರು. ಜೋನ್ಸ್‌ರಿಂದ ಮೋಸ್ ರೇಗರ್ ಮತ್ತು ಐಕ್ ಎವರ್ಲಿ. ಈ ಇಬ್ಬರೂ ಗಣಿಯಲ್ಲಿ ದುಡಿದವರು. ಐಕ್ ಅವರ ಮಕ್ಕಳೇ ಮುಂದೆ ಎವರ್ಲಿ ಬ್ರದರ್ಸ್ ಎಂಬ ಗಾಯಕ ಜೋಡಿಯಾಗಿ ಪ್ರಸಿದ್ಧರಾದದ್ದು. ಇವರ ಹಿಂದೆ ಮುಂದೆ ಸುತ್ತುತ್ತಾ ಕಲಿತ ಹುಡುಗ ಮರ್ಲ್ ಟ್ರ್ಯಾವಿಸ್. 1917ರಲ್ಲಿ ಹುಟ್ಟಿದವರು, ಅಪ್ಪ ಗಣಿ ಕೆಲಸದವರು. ಈಗ ಪ್ರಪಂಚದಲ್ಲೆಲ್ಲ ಗಿಟಾರ್ ಮೇಷ್ಟ್ರುಗಳು ‘ಟ್ರ್ಯಾವಿಸ್ ಪಿಕಿಂಗ್’ ಅಂತ ಕಲಿಸೋದು ಇವರ ಹೆಸರಿನಲ್ಲಿ. ‘ಕೋಲ್’ ಆಲ್ಬಮ್‌ನ ಒಂಬತ್ತನೇ ಹಾಡು ‘ಡಾರ್ಕ್ ಆ್ಯಸ್ ಎ ಡಂಜನ್’ ಕೂಡ ಟ್ರ್ಯಾವಿಸ್ ಬರೆದದ್ದೇ. ಬೆಂಗಳೂರಿನಲ್ಲಿ ಫಿಂಗರ್‌ಸ್ಟೈಲ್ ಕಲಿಯುವ ಹುಡುಗರು ಗೊತ್ತಿಲ್ಲದೇ ಕೆಂಟಕಿ ಗಣಿಯವರ ಕೈ ಕಲೀತಿದ್ದಾರೆ.

ಕಲಿಯೋ ವಿಧಾನ ಹೇಳ್ತೀನಿ. ಮೊದಲು ಒಂದು ಥಂಬ್‌ಪಿಕ್ ತಗೊಳ್ಳಿ. ಹೆಬ್ಬೆರಳಿಗೆ ಉಂಗುರದ ಹಾಗೆ ತೊಡುವ ಪ್ಲಾಸ್ಟಿಕ್ ಪಿಕ್ ಅದು. ಸಿತಾರ್‌ನವರ ಮಿಜ್ರಾಬ್ ತೋರುಬೆರಳಿಗಾದರೆ ಇದು ಹೆಬ್ಬೆರಳಿಗೆ. ಬಿಗಿ ಆದರೆ ಬೆರಳು ಜೋಮು ಹಿಡಿಯುತ್ತೆ, ಸಡಿಲ ಆದರೆ ತಿರುಗಿಕೊಳ್ಳುತ್ತೆ. ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೆತ್ತಗಾದಾಗ ನಿಮ್ಮ ಬೆರಳಿಗೆ ತಕ್ಕಂತೆ ಒತ್ತಿ, ತಣ್ಣೀರಿಗೆ ಹಾಕಿ. ನನ್ನದು ಹೀಗೆ ಮಾಡಿದ ಮೇಲೆ ಕಿರಿಕಿರಿ ನಿಂತಿತು.

ಆಮೇಲೆ ಬರೀ ಹೆಬ್ಬೆರಳು. ಬೇರೆ ಬೆರಳು ಮುಟ್ಟಲೇಬೇಡಿ. ಜಿ ಕಾರ್ಡ್ ಹಿಡಿದು ಆರನೇ ತಂತಿ, ನಾಲ್ಕನೇ ತಂತಿ, ಆರು, ನಾಲ್ಕು. ಸಿಗೆ ಬಂದರೆ ಐದು, ನಾಲ್ಕು. ಮೆಟ್ರೊನೋಮ್ (ತಾಳ ಹಾಕುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟುಕೊಳ್ಳಿ. ಅಂಗೈನ ಮಣಿಕಟ್ಟಿನ ಕಡೆಯ ಅಂಚನ್ನು ಬ್ರಿಡ್ಜ್ (ತಂತಿಗಳನ್ನು ಗಿಟಾರ್ ಮೈಗೆ ಕಟ್ಟಿದ ಪಟ್ಟಿ) ಮೇಲೆ ಹಗುರವಾಗಿ ಊರಿ, ದಪ್ಪ ತಂತಿಗಳ ಗುಂಯ್ ಅನ್ನೋ ಸದ್ದು ಅರ್ಧಕ್ಕೆ ಕತ್ತರಿಸಬೇಕು. ಆಗ ‘ದುಂ’ ಅನ್ನೋ ಬದಲು ‘ದಬ್’ ಅನ್ನುತ್ತೆ. ಇದು ಬಂದಿದೆಯೋ ಇಲ್ಲವೋ ಅಂತ ತಿಳಿಯೋಕೆ ನನ್ನದೊಂದು ಪರೀಕ್ಷೆ. ಮನೆಯಲ್ಲಿ ಯಾರ ಜೊತೆಗಾದರೂ ಮಾತಾಡ್ತಾ ನುಡಿಸಬೇಕು. ನನ್ನ ಹೆಂಡತಿ ಅಡುಗೆಮನೆಯಿಂದ, “ಏನ್ರೀ, ಹಾಲು ಮುಗಿದಿದೆ, ತಂದ್ರಾ?” ಅಂತ ಕೇಳಿದಾಗ “ಇಲ್ಲ ಕಣೇ, ಮರೆತುಹೋಯ್ತು” ಅಂದೆ. ಹೆಬ್ಬೆರಳು ನಿಲ್ಲಲಿಲ್ಲ. ಅವತ್ತು ಪಾಸ್ ಅಂದುಕೊಂಡೆ. (ಹಾಲಿನ ವಿಷಯ ಬೇರೆ.) ಬೀಸೋ ಕಲ್ಲಿನ ಮುಂದೆ ಕೂತು ಪದ ಹೇಳ್ತಿದ್ದ ನಮ್ಮ ಅಜ್ಜಿಯರಿಗೆ ಈ ವಿದ್ಯೆ ಹೇಳಿಕೊಡಬೇಕಿಲ್ಲ. ಕೈ ತನ್ನ ಪಾಡಿಗೆ ಸುತ್ತುತ್ತೆ, ಬಾಯಿ ತನ್ನ ಪಾಡಿಗೆ ಹಾಡುತ್ತೆ.

ಹೆಬ್ಬೆರಳು ಗಟ್ಟಿಯಾದ ಮೇಲೆ ತೋರುಬೆರಳು ಸೇರಿಸಿ. ಮೊದಲು ತಾಳದ ಮೇಲೆ, ಹೆಬ್ಬೆರಳಿನ ಜೊತೆಗೇ ಚಿವುಟಿದ ಹಾಗೆ. ಆಮೇಲೆ ಎರಡು ತಾಳದ ನಡುವೆ. ಟ್ರ್ಯಾವಿಸ್ ಬಹುಪಾಲು ನುಡಿಸಿದ್ದು ಈ ಎರಡೇ ಬೆರಳಿನಲ್ಲಿ. ಅವರ ಹಾದಿಯಲ್ಲಿ ಬಂದ ಚೆಟ್ ಆ್ಯಟ್‌ಕಿನ್ಸ್ ಇನ್ನೂ ಬೆರಳು ಸೇರಿಸಿದರು. ನನಗೆ ಎರಡೇ ಸಾಕು.

‘ಡಾರ್ಕ್ ಆ್ಯಸ್ ಎ ಡಂಜನ್’ಗೆ ಮಾತ್ರ ಈ ನಾಲ್ಕರ ಲೆಕ್ಕ ನಡೆಯಲ್ಲ. ಅದು ಮೂರು ಎಣಿಕೆಯ ವಾಲ್ಟ್ಸ್. ಒಂದಕ್ಕೆ ಬಾಸ್, ಎರಡು ಮೂರಕ್ಕೆ ಮೇಲಿನ ತಂತಿಗಳು. ಕಾರ್ಡ್ ಮೂರೇ ಮೂರು. ನಾನು ಜಿಯಲ್ಲಿ ಹಾಡ್ತೀನಿ, ದನಿ ಹೇಗಿದೆ ನೋಡಿಕೊಂಡು ಎರಡನೇ ಫ್ರೆಟ್‌ಗೆ ಕೇಪೊ (ಶ್ರುತಿ ಏರಿಸಲು ತಂತಿಗಳ ಮೇಲೆ ಬಿಗಿಯುವ ಕ್ಲಿಪ್). ಮಟೇಯಾ ಅವರದು ಹೆಣ್ಣು ದನಿಗಳಲ್ಲಿ ತಗ್ಗಿನದು, ಹಾಗಾಗಿ ಗಂಡಸರಿಗೆ ಹೊಂದಿಸಿಕೊಳ್ಳೋದು ಕಷ್ಟವಲ್ಲ. ಕಲಿಯೋಕೆ ಅರ್ಧ ದಿನ ಸಾಕು. ಹಾಡೋಕೆ ಮಾತ್ರ ಬಹಳ ಕಾಲ ಹಿಡಿಯಿತು. ಯಾಕಂದರೆ ಧಾಟಿ ತೂಗುಯ್ಯಾಲೆಯ ಹಾಗೆ ಮುದ್ದಾಗಿದೆ, ಮಾತು ಹಾಗಿಲ್ಲ. ಕುಡುಕನಿಗೆ ಹೆಂಡದ ಆಸೆ ಹೇಗೋ, ಗಣಿಯವನಿಗೆ ಗಣಿಯ ಆಸೆ ಹಾಗೆ ಅನ್ನುತ್ತದೆ ಹಾಡು. ಕೊನೆಯಲ್ಲಿ ಹಾಡುವವನು ತಾನು ಸತ್ತು ಯುಗಗಳಾದ ಮೇಲೆ ತನ್ನ ಮೈಯೇ ಕಲ್ಲಿದ್ದಲಾಗುತ್ತೆ ಅನ್ನುತ್ತಾನೆ. ಆಗ ಸ್ವರ್ಗದ ಬಾಗಿಲಿನಿಂದ ಕೆಳಗೆ ನೋಡಿ, ತನ್ನ ಮೂಳೆ ಅಗೆಯುತ್ತಿರುವ ಗಣಿಯವನಿಗಾಗಿ ಮರುಗುತ್ತಾನಂತೆ. ಎಂಥಾ ಕಲ್ಪನೆ ನೋಡಿ! ಇದನ್ನು ಟ್ರ್ಯಾವಿಸ್ ಬರೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಕ್ಯಾಪಿಟಲ್ ಕಂಪನಿಯವರು ಜನಪದ ಹಾಡಿನ ಆಲ್ಬಮ್ ಬೇಕು ಅಂದಾಗ, ಸಿಗೋ ಜನಪದ ಹಾಡನ್ನೆಲ್ಲ ಬೇರೆಯವರು ಹಾಡಿಬಿಟ್ಟಿದ್ದಾರೆ ಅಂತ ಇವರು ತಾವೇ ಕೂತು ಕೆಲವು ಬರೆದರು. 1947ರಲ್ಲಿ ಬಂದ ಆ ಆಲ್ಬಮ್ ಆಗ ಅಷ್ಟೇನೂ ಓಡಲಿಲ್ಲ. ಈಗ ಜನ ಅದನ್ನೇ ನೂರಾರು ವರ್ಷದ ಹಳೇ ಜನಪದ ಅಂದುಕೊಂಡಿದ್ದಾರೆ.

‘ಕೋಲ್ ಟ್ಯಾಟೂ’ ವೇಗದ ಹಾಡು. ಹೆಬ್ಬೆರಳಿಗೆ ನಿಜವಾದ ವ್ಯಾಯಾಮ. ಬರೆದವರು ಬಿಲಿ ಎಡ್ ವೀಲರ್, ವೆಸ್ಟ್ ವರ್ಜೀನಿಯಾದ ಬೂನ್ ಕೌಂಟಿಯವರು. ಆಲ್ಬಮ್‌ನಲ್ಲಿ ಅವರದೇ ಮೂರು ಹಾಡಿವೆ. ಗಣಿಯೊಳಗೆ ಗಾಯವಾದಾಗ ದೂಳು ಚರ್ಮದ ಒಳಗೆ ಸೇರಿಕೊಂಡರೆ, ಗಾಯ ಮಾಗಿದ ಮೇಲೂ ನೀಲಿ ಗುರುತು ಉಳಿದುಬಿಡುತ್ತೆ. ಹಾಡಿನವನಿಗೆ ತಲೆಯ ಪಕ್ಕದಲ್ಲಿ ಅಂಥ ಗುರುತಿದೆ. ಕೆಲಸ ಹೋಗಿದೆ, ಮನೆ ಇಲ್ಲ, ಸಂಬಳ ಇಲ್ಲ, ಆ ಗುರುತು ಮಾತ್ರ ಇದೆ.

ನಾನು ಅಂಥ ಗುರುತನ್ನು ಕಣ್ಣಾರೆ ನೋಡಿದ್ದು ಲೈಬ್ರರಿಯ ಆ ಕೂಟದಲ್ಲೇ. ಬ್ಯಾಂಜೊ ನುಡಿಸುವ ನಿವೃತ್ತ ಗಣಿ ಕಾರ್ಮಿಕರೊಬ್ಬರ ಎಡಗೈನ ನಡುಬೆರಳಿನ ಗೆಣ್ಣಿನ ಮೇಲೆ. ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ, ಒಂದು ತುದಿ ಚೂಪು. ಪೆನ್ನಿನ ಇಂಕು ಅಂದುಕೊಂಡೆ. ಬೆರಳು ತಂತಿಯ ಮೇಲೆ ಬಾಗಿದಾಗ ಚರ್ಮ ಬಿಗಿದು ನೀಲಿ ತಿಳಿಯಾಗುತ್ತಿತ್ತು, ಬಿಟ್ಟಾಗ ಮತ್ತೆ ಕಪ್ಪಗೆ. ನಾನು ನೋಡ್ತಿರೋದನ್ನು ಗಮನಿಸಿ ಅವರೇ ಕೈ ಮುಂದೆ ಹಿಡಿದರು. ಛಾವಣಿಯಿಂದ ಚಪ್ಪಡಿಯೊಂದು ಕಳಚಿ ಬಿದ್ದು ಆದದ್ದಂತೆ. “ಬೆರಳು ಉಳೀತಲ್ಲ, ಬ್ಯಾಂಜೊ ನುಡಿಸಬಹುದು” ಅಂದರು. ಆಮೇಲೆ ನನ್ನ ಹಾಡಿನ ವೇಗ ಸಾಲದು, ಇನ್ನಷ್ಟು ಓಡಿಸು ಅಂತ ಬೈದರು. ಅವರ ಪ್ರಕಾರ ಅದು ಗೋಳಿನ ಹಾಡಲ್ಲ, ಕೆಲಸ ಹುಡುಕಿಕೊಂಡು ಕಾರು ಓಡಿಸುವವನ ಹಾಡು. ಟೈರು ನಿಲ್ಲಬಾರದು.

‘ಲಾರೆನ್ಸ್ ಜೋನ್ಸ್’ ನನಗೆ ಬಹಳ ಕಷ್ಟ ಕೊಟ್ಟ ಹಾಡು. ಬೆರಳಿಗಲ್ಲ. ಅದು ನಿಜವಾದ ಮನುಷ್ಯನ ಹೆಸರು. 1973ರಲ್ಲಿ ಕೆಂಟಕಿಯ ಹಾರ್ಲನ್ ಕೌಂಟಿಯ ಬ್ರುಕ್‌ಸೈಡ್ ಗಣಿಯವರು ತಮ್ಮ ಯೂನಿಯನ್ ಒಪ್ಪಂದಕ್ಕೆ ಕಂಪನಿ ಸಹಿ ಹಾಕಬೇಕು ಅಂತ ಮುಷ್ಕರ ಹೂಡಿದರು. ವರ್ಷಕ್ಕೂ ಮೇಲೆ ನಡೆಯಿತು. ಹೆಂಗಸರು ಬೆಳಗಿನ ಜಾವ ರಸ್ತೆಗೆ ಅಡ್ಡ ನಿಂತರು. 1974ರ ಆಗಸ್ಟ್‌ನಲ್ಲಿ ಲಾರೆನ್ಸ್ ಜೋನ್ಸ್ ಎಂಬ ಯುವ ಕಾರ್ಮಿಕನಿಗೆ ಗುಂಡು ಬಿತ್ತು. ಎಳೆಯ ಹೆಂಡತಿ, ಪುಟ್ಟ ಮಗು. ಆತ ಸತ್ತ ಬೆನ್ನಿಗೇ ಕಂಪನಿ ಸಹಿ ಹಾಕಿತು. ಬಾರ್ಬರಾ ಕಾಪಲ್ ಈ ಮುಷ್ಕರವನ್ನು ಅಲ್ಲೇ ಇದ್ದು ಚಿತ್ರೀಕರಿಸಿದರು. 1976ರ ಆ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು, ಅದರಲ್ಲಿ ಹೇಜಲ್ ಡಿಕನ್ಸ್ ಹಾಡುಗಳೂ ಇವೆ. ಹಾಡು ಬರೆದ ಸೈ ಕಾನ್ ಆ ಮುಷ್ಕರದಲ್ಲಿ ಸಂಘಟಕರಾಗಿ ದುಡಿದವರು. ಕಲಿಯೋಕೆ ಮುಂಚೆ ಆ ಚಿತ್ರ ನೋಡಿ ಅಂತ ನನ್ನ ಶಿಫಾರಸು. ಶವಸಂಸ್ಕಾರದ ದೃಶ್ಯ ನೋಡಿದ ಮೇಲೆ ನಾನು ಈ ಹಾಡಿಗೆ ಗಿಟಾರ್‌ನ ಬೆಡಗೆಲ್ಲ ತೆಗೆದುಹಾಕಿದೆ. ಸಾಲಿಗೊಂದು ಕಾರ್ಡ್, ಒಂದೇ ಮೀಟು. ಕೂಟದಲ್ಲಿ ಇದನ್ನು ಹಾಡೋದಾದರೆ ಮೊದಲು ಕೇಳಿಕೊಳ್ತೀನಿ. ಹಾರ್ಲನ್ ಕಡೆಯವರು ಯಾರಾದರೂ ಇದ್ದರೆ ಅವರಿಗೆ ಇದು ಹಾಡಷ್ಟೇ ಅಲ್ಲ.

ಹಾರ್ಲನ್ ಬಗ್ಗೆಯೇ ಇನ್ನೊಂದು ಹಾಡಿದೆ, ಡ್ಯಾರೆಲ್ ಸ್ಕಾಟ್ ಬರೆದದ್ದು, ‘ಯೂ ವಿಲ್ ನೆವರ್ ಲೀವ್ ಹಾರ್ಲನ್ ಅಲೈವ್’. ಆಲ್ಬಮ್‌ನಲ್ಲಿ ಬಹಳ ಜನರಿಗೆ ಗೊತ್ತಿರುವ ಹಾಡು ಇದೇ ಇರಬೇಕು. ಪ್ಯಾಟಿ ಲವ್‌ಲೆಸ್ 2001ರಲ್ಲಿ ಹಾಡಿದ್ದಾರೆ. ಅವರಪ್ಪನೂ ಕೆಂಟಕಿಯ ಗಣಿ ಕಾರ್ಮಿಕರು. ಬೆಟ್ಟ ಎಷ್ಟು ಕಡಿದು ಅಂದರೆ ಸೂರ್ಯ ಬೆಳಗ್ಗೆ ಹತ್ತಕ್ಕೆ ಕಾಣಿಸಿಕೊಂಡು ಮಧ್ಯಾಹ್ನ ಮೂರಕ್ಕೆ ಮುಳುಗ್ತಾನೆ ಅನ್ನುತ್ತದೆ ಹಾಡು. ಕಾವ್ಯ ಅಂತ ಓದಿದ್ದೆ. ಆ ಕಡೆಯ ಕಣಿವೆಗಳಲ್ಲಿ ಒಮ್ಮೆ ಕಾರು ಓಡಿಸಿದ ಮೇಲೆ ಹವಾಮಾನ ವರದಿ ಅನ್ನಿಸ್ತು. ಈ ಹಾಡಿನಲ್ಲಿ ಮಾತ್ರ ಸ್ವರ ಎಳೆಯೋಕೆ ಜಾಗ ಇದೆ. ಅಷ್ಟರ ಮಟ್ಟಿಗೆ ನನ್ನ ಭಾವಗೀತೆ ಚಟ ತೀರಿಸಿಕೊಳ್ತೀನಿ.

ಜೀನ್ ರಿಚಿ ಅವರ ಎರಡು ಹಾಡು ಆಲ್ಬಮ್‌ನ ಮೊದಲಿಗೇ ಬರುತ್ತವೆ. ಪೂರ್ವ ಕೆಂಟಕಿಯ ವೈಪರ್ ಎಂಬ ಊರಿನವರು. ಡಲ್ಸಿಮರ್ ಎಂಬ ಮಡಿಲಲ್ಲಿಟ್ಟು ನುಡಿಸುವ ವಾದ್ಯವನ್ನು ಅಮೆರಿಕಕ್ಕೆಲ್ಲ ಪರಿಚಯಿಸಿದವರು. ಗಣಿ, ಯೂನಿಯನ್ ವಿಷಯದ ಹಾಡುಗಳನ್ನು ಅವರು ‘ಥ್ಯಾನ್ ಹಾಲ್’ ಅಂತ ಗಂಡಸಿನ ಹೆಸರಿನಲ್ಲಿ ಹೊರತಂದರು. ಅದು ಅವರ ತಾತನ ಹೆಸರು. ಹೆಂಗಸು ಬರೆದದ್ದು ಅಂದರೆ ಜನ ಅಷ್ಟು ಕಿವಿಗೊಡಲ್ಲ ಅನ್ನೋದು ಒಂದು ಕಾರಣ, ವಯಸ್ಸಾದ ಅಮ್ಮನಿಗೆ ತೊಂದರೆ ಆಗಬಾರದು ಅನ್ನೋದು ಇನ್ನೊಂದು. ‘ದಿ ಎಲ್ ಆ್ಯಂಡ್ ಎನ್ ಡೋಂಟ್ ಸ್ಟಾಪ್ ಹಿಯರ್ ಎನಿಮೋರ್’ ರೈಲು ನಿಂತುಹೋದ ಊರಿನ ಹಾಡು. ಎಲ್ ಆ್ಯಂಡ್ ಎನ್ ಅಂದರೆ ಲೂಯಿವಿಲ್ ಮತ್ತು ನ್ಯಾಶ್‌ವಿಲ್ ರೈಲು ಕಂಪನಿ. ಗಣಿ ಮುಚ್ಚಿತು, ಹಳಿಯ ಮೇಲೆ ಹುಲ್ಲು ಬೆಳೆಯಿತು, ಈಗ ಕಲ್ಲಿದ್ದಲ ದೂಳಿನ ಮೇಲೇ ಪ್ರೀತಿ ಹುಟ್ಟಿದೆ ಅನ್ನುತ್ತಾಳೆ ಹಾಡುವವಳು. 1923ರಲ್ಲಿ ಅಮೆರಿಕದಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ಕಲ್ಲಿದ್ದಲು ಗಣಿಗಳಲ್ಲಿದ್ದರು. ಈಗ 50 ಸಾವಿರಕ್ಕೂ ಕಡಿಮೆ. ಹೊರಗಿನವರಿಗೆ ಗಣಿ ಮುಚ್ಚಿದರೆ ಒಳ್ಳೆಯದಾಯಿತು ಅನ್ನಿಸುತ್ತೆ. ಈ ಹಾಡು ಹೇಳುವಾಗ ಆ ‘ಒಳ್ಳೆಯದಾಯಿತು’ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ರಿಚಿ ಅವರ ಇನ್ನೊಂದು ಹಾಡು ‘ಬ್ಲೂ ಡೈಮಂಡ್ ಮೈನ್ಸ್’ಗೆ ಜೊತೆ ದನಿ ಇದ್ದರೆ ಚೆಂದ. ನನ್ನ ಮಗಳು ಒಳ್ಳೆ ಮೂಡಿನಲ್ಲಿದ್ದಾಗ ಹಾಡ್ತಾಳೆ.

ಉಳಿದವು ಸುಲಭ. ‘ಗ್ರೀನ್ ರೋಲಿಂಗ್ ಹಿಲ್ಸ್’ ಎಲ್ಲರೂ ಸೇರಿ ಹಾಡುವಂಥದ್ದು, ಯೂಟಾ ಫಿಲಿಪ್ಸ್ ಬರೆದದ್ದು. ವೀಲರ್‌ರ ಇನ್ನೆರಡು, ‘ರೆಡ್ ವಿಂಗ್ಡ್ ಬ್ಲ್ಯಾಕ್‌ಬರ್ಡ್’ ಮತ್ತು ‘ಕಮಿಂಗ್ ಆಫ್ ದ ರೋಡ್ಸ್’. ಎರಡನೆಯದನ್ನು ನಿಧಾನಕ್ಕೆ, ಕಡಿಮೆ ತಂತಿಯಲ್ಲಿ ನುಡಿಸಿ. ರಸ್ತೆ ಬಂತು, ಯಂತ್ರ ಬಂತು, ಬೆಟ್ಟ ಹೋಯಿತು, ಪ್ರೀತಿಸಿದವಳೂ ಹೋದಳು.

ಒಮ್ಮೆ ಇಲ್ಲಿನ ಕನ್ನಡದವರ ರಾಜ್ಯೋತ್ಸವದಲ್ಲೂ ಇವುಗಳಲ್ಲಿ ಕೆಲವು ಹಾಡಿದೆ. ಭಾಷಣ ಮಾಡಲಿಲ್ಲ. ಪ್ರತಿ ಹಾಡಿನ ಮುಂಚೆ ಕನ್ನಡದಲ್ಲಿ ಎರಡೇ ಮಾತು: ಯಾರು ಬರೆದರು, ಅಲ್ಲಿ ಏನಾಗಿತ್ತು. ಪಲಾವ್ ಪ್ಲೇಟ್ ಹಿಡಿದಿದ್ದ ಹಿರಿಯರೊಬ್ಬರು ಆಮೇಲೆ ಬಂದು, “ಏನಪ್ಪಾ, ಇಷ್ಟು ಜನ ಸಾಯ್ತಾರೆ, ನನ್ನ ಕಾಲು ಕುಣೀತಾನೇ ಇತ್ತಲ್ಲ!” ಅಂದರು. ಇದಕ್ಕಿಂತ ಒಳ್ಳೆ ವಿಮರ್ಶೆ ನನಗೆ ಸಿಕ್ಕಿಲ್ಲ.

ಆದರೆ ಎಲ್ಲಿ ಹಾಡಿದರೂ ಜನ ಕೇಳೋದು ‘ಸಿಕ್ಸ್‌ಟೀನ್ ಟನ್ಸ್’. ‘ಕೋಲ್’ ಆಲ್ಬಮ್‌ನಲ್ಲಿ ಅದಿಲ್ಲ. ಟ್ರ್ಯಾವಿಸ್‌ರ 1947ರ ಆಲ್ಬಮ್‌ನದು, 1955ರಲ್ಲಿ ಟೆನೆಸೀ ಎರ್ನಿ ಫೋರ್ಡ್ ಹಾಡಿ ಮನೆಮಾತಾಯಿತು. ಗಣಿ ಕಂಪನಿ ಎಷ್ಟೋ ಕಡೆ ಕೂಲಿಗೆ ದುಡ್ಡಿನ ಬದಲು ತನ್ನದೇ ಬಿಲ್ಲೆ ಕೊಡ್ತಿತ್ತು. ಅದು ನಡೆಯೋದು ಕಂಪನಿ ಅಂಗಡಿಯಲ್ಲಿ ಮಾತ್ರ. ಅಲ್ಲಿ ಸಾಲ, ಮತ್ತೆ ಅದಕ್ಕೆ ದುಡಿಮೆ. ಇಷ್ಟು ಹೇಳಿದರೆ ನಮ್ಮವರಿಗೆ ಬೇರೆ ವಿವರಣೆ ಬೇಡ. ಹೆಬ್ಬೆರಳು ಹೇಗೂ ಸಿದ್ಧವಿರುತ್ತೆ, ಹಾಡಿಬಿಡ್ತೀನಿ.

ಸದ್ಯಕ್ಕೆ ಬಾಕಿ ಇರೋದು ‘ಸ್ಯಾಲಿ ಇನ್ ದ ಗಾರ್ಡನ್’ ಒಂದೇ. ಆಲ್ಬಮ್‌ನ ನಡುವೆ ಬರುವ ಹಳೇ ಧಾಟಿ. ಗಿಟಾರ್‌ನಲ್ಲಿ ನುಡಿಸಿ ನೋಡಿದೆ, ನನಗೆ ರುಚಿಸಲಿಲ್ಲ. ಅದಕ್ಕೆ ಬ್ಯಾಂಜೊನೇ ಬೇಕು. ಇರೋ ಗಿಟಾರ್‌ಗಳನ್ನೇ ಎಲ್ಲಿಡೋದು ಅಂತ ಮನೆಯಲ್ಲಿ ಮಾತುಕತೆ ನಡೀತಿದೆ.